ಇಲ್ಲದ್ದರ ಅಂಚು

ದೀಪ ಆರಿದಾಗ ಕೋಣೆಗೆ ಕತ್ತಲು ಬರುತ್ತದೆಯೋ, ಕೋಣೆಯಿಂದ ಬೆಳಕು ಹೋಗುತ್ತದೆಯೋ? ಮಕ್ಕಳು ಕೇಳುವಂಥ ಈ ಪ್ರಶ್ನೆಗಾಗಿ ಒಂದು ಕಾಲದಲ್ಲಿ ಎರಡು ಮತಗಳು ಬಡಿದಾಡಿದವು.

ಬೈಬಲಿನ ಆದಿಕಾಂಡದ ಎರಡನೆಯ ವಚನದಲ್ಲೇ ಆದಿಸಾಗರದ ಮೇಲೆ ಕತ್ತಲು ಕವಿದಿದೆ. ಬೆಳಕಾಗಲಿ ಎಂದು ದೇವರು ನುಡಿಯುವ ಮೊದಲೇ ಇದ್ದ ಈ ಕತ್ತಲು ಎಲ್ಲಿಂದ ಬಂತು ಎಂದು ಮಾನಿಯ ಅನುಯಾಯಿಗಳು ಕೆಣಕುತ್ತಿದ್ದರು. ಕ್ರಿ.ಶ. 216ರಲ್ಲಿ ಬ್ಯಾಬಿಲೋನಿಯದಲ್ಲಿ ಹುಟ್ಟಿದ ಮಾನಿಗೆ ಬೆಳಕೂ ಅನಾದಿ, ಕತ್ತಲೂ ಅನಾದಿ; ಜಗತ್ತು ಅವೆರಡರ ರಣರಂಗ, ನಮ್ಮ ಮೈಯೂ ಅದೇ. ಒಂಬತ್ತು ವರ್ಷ ಈ ಮತದ ನೆರಳಲ್ಲಿದ್ದ ಅಗಸ್ಟೀನ್ 387ರಲ್ಲಿ ಕ್ರೈಸ್ತನಾಗಿ ದೀಕ್ಷಾಸ್ನಾನ ಪಡೆದ. ಅನಂತರ ಅದೇ ವಚನಕ್ಕೆ ಬೇರೆಯೇ ಅರ್ಥ ಹೇಳಿದ: ಕತ್ತಲೆಂಬುದೊಂದು ವಸ್ತುವಲ್ಲ, ಬೆಳಕಿಲ್ಲದಿರುವುದರ ಹೆಸರು, ಮೌನ ಎಂಬುದು ಸದ್ದಿಲ್ಲದಿರುವುದರ ಹೆಸರಾದ ಹಾಗೆ. ಕೆಡುಕೂ ಅಷ್ಟೇ, ಒಳಿತಿನ ಕೊರತೆ.

ಚೆಂದದ ಮಾತು. ಆದರೆ ಮಾನಿಯ ಪುಸ್ತಕಗಳ ಗತಿ ನೆನೆದಾಗ ನನಗೆ ಈ ಮಾತು ಪೂರ್ತಿ ಒಗ್ಗುವುದಿಲ್ಲ.

ಬುದ್ಧ, ಜರತುಷ್ಟ್ರ, ಯೇಸು ತಾವಾಗಿ ಏನನ್ನೂ ಬರೆದಿಡಲಿಲ್ಲ, ಅದರಿಂದಲೇ ಅವರ ಬೋಧೆ ಕೆಟ್ಟಿತು ಎಂದು ಮಾನಿ ನಂಬಿದ್ದ. ಹಾಗಾಗಿ ತಾನೇ ಕುಳಿತು ಬರೆದ. ಮಾತು ಸಾಲದೆಂದು ಚಿತ್ರಗಳ ಗ್ರಂಥವನ್ನೂ ಮಾಡಿದ. ಉಳಿಯಲೆಂದು ಇಷ್ಟು ಜತನ ಮಾಡಿದವನದೇ ಇಷ್ಟು ಕಳೆದುಹೋಯಿತು. 1929ರ ಸುಮಾರಿಗೆ ಈಜಿಪ್ಟಿನ ಮದೀನತ್ ಮಾದಿಯಲ್ಲಿ ಕಾಪ್ಟಿಕ್ ಭಾಷೆಯ ಕೆಲವು ಹೊತ್ತಗೆಗಳು ಸಿಕ್ಕವು. ಪಪೈರಸ್ ಹಾಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು, ಒಂದೊಂದನ್ನೇ ಬಿಡಿಸಬೇಕಿತ್ತು. ಮಾನಿಯ ಪತ್ರಗಳಿದ್ದ ಸಂಪುಟ ಬರ್ಲಿನ್ ಸೇರಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಮಾಯ. ಸಾವಿರಕ್ಕೂ ಹೆಚ್ಚು ವರ್ಷ ಮಣ್ಣು ಕಾಪಾಡಿದ್ದನ್ನು ಇಪ್ಪತ್ತು ವರ್ಷ ಕಾಪಾಡಲು ನಾವು ಸೋತೆವು. ಕಲೋನ್ ನಗರದಲ್ಲಿ ಮಾನಿಯ ಜೀವನವನ್ನು ಹೇಳುವ ಗ್ರೀಕ್ ಹೊತ್ತಗೆಯೊಂದಿದೆ. ಅದರ ಪುಟ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಅಷ್ಟರಲ್ಲೇ ಇಪ್ಪತ್ತಮೂರು ಸಾಲು. ಬಚ್ಚಿಡಲೆಂದು ಅಷ್ಟು ಚಿಕ್ಕದೋ, ಎದೆಗೊತ್ತಿಕೊಂಡು ತಿರುಗಲೆಂದೋ?

ಇನ್ನೊಂದು ವಿಚಿತ್ರವಿದೆ. ಫೌಸ್ತುಸ್ ಎಂಬ ಮಾನಿಮತದ ಪಂಡಿತನ ಪುಸ್ತಕ ಇವತ್ತು ನಮಗೆ ಸಿಗುವುದು ಅಗಸ್ಟೀನ್ ಬರೆದ ಖಂಡನೆಯೊಳಗೆ. ಎದುರಾಳಿಯ ಮಾತನ್ನು ಎತ್ತಿ ಬರೆದು, ಆಮೇಲೆ ಉತ್ತರ ಕೊಡುವುದು ಅವನ ಕ್ರಮ. ಭಕ್ತರು ಉಳಿಸಿಕೊಳ್ಳಲಾಗದ್ದನ್ನು ವೈರಿ ಉಳಿಸಿದ. ಉಳಿಸಬೇಕೆಂದಲ್ಲ, ಗೆಲ್ಲಬೇಕೆಂದು.

ಹಾಗಾದರೆ ಕಳೆದುಹೋದದ್ದು ಬರೀ ಇಲ್ಲದಿರುವಿಕೆಯೇ? ಹುಳು ತಿಂದ ಹಾಳೆಯ ತೂತಿಗೂ ಒಂದು ಅಂಚಿರುತ್ತದೆ. ಎಡಕ್ಕೆ ಅರ್ಧ ಪದ, ಬಲಕ್ಕೆ ಅರ್ಧ ಪದ, ನಡುವಿನ ಶೂನ್ಯವನ್ನೇ ವಿದ್ವಾಂಸರು ಬೆಳಕಿಗೆ ಹಿಡಿದು ಓದುತ್ತಾರೆ. ಅಗಸ್ಟೀನನಲ್ಲಿ ಇದಕ್ಕೂ ಸಮಾಧಾನವಿದೆ: ಒಂದು ಶಬ್ದ ಸರಿದು ಇನ್ನೊಂದಕ್ಕೆ ಜಾಗ ಬಿಡದಿದ್ದರೆ ಮಾತು ಪೂರ್ಣವಾಗದು, ಲೋಕದ ವಸ್ತುಗಳೂ ಹಾಗೆ. ಅರ್ಧ ಒಪ್ಪುತ್ತೇನೆ. ಸರಿದು ಹೋದ ಶಬ್ದವನ್ನು ಕೇಳಿಸಿಕೊಂಡವರು ಯಾರಾದರೂ ಇದ್ದರೆ ತಾನೆ ಮಾತು ಪೂರ್ಣ?

ಮಾನಿಮತದಲ್ಲಿದ್ದ ದಿನಗಳಲ್ಲಿ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿಗೆ, ಅಗಸ್ಟೀನ್ ಸೌಂದರ್ಯದ ಬಗ್ಗೆ ಒಂದು ಕೃತಿ ಬರೆದಿದ್ದ. ಅವನ ಮೊದಲ ಕೃತಿ. ಮುಂದೆ ಆತ್ಮನಿವೇದನೆ ಬರೆಯುವಾಗ ಅದರ ನೆನಪಾಗುತ್ತದೆ. ಎರಡು ಭಾಗವಿತ್ತೋ ಮೂರಿತ್ತೋ, ಅವನಿಗೆ ಖಚಿತವಿಲ್ಲ. ಹೇಗೆ ಕಳೆಯಿತೆಂದೂ ತಿಳಿಯದು. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತಾನೆ.