ನಿನ್ನೆ ಕೊರಳತನಕ ಬಂದಿತ್ತಂತೆ

ಕೊಲ್ಹಾಪುರದ ಅಂಬಾಬಾಯಿ ಪಶ್ಚಿಮಕ್ಕೆ ಮುಖ ಮಾಡಿ ನಿಂತವಳು. ನವೆಂಬರ್ 9, 10, 11 ಹಾಗೂ ಜನವರಿ 31, ಫೆಬ್ರವರಿ 1, 2, ಈ ಸಂಜೆಗಳಲ್ಲಿ ಮುಳುಗುವ ಸೂರ್ಯ ಮಹಾದ್ವಾರದಿಂದ ನೇರ ಗುಡಿಯೊಳಗೆ ಬರುತ್ತಾನೆ. ಗರುಡ ಮಂಟಪ ದಾಟಿ, ಹಿತ್ತಾಳೆಯ ಹೊಸ್ತಿಲು ದಾಟಿ, ಬೆಳ್ಳಿಯ ಹೊಸ್ತಿಲು ಮುಟ್ಟಿ, ಆಮೇಲೆ ದೇವಿಯ ಪಾದ. ಅಲ್ಲಿಂದ ಮೊಣಕಾಲು, ಸೊಂಟ, ಎದೆ, ಕೊರಳು. ಪಾದದಿಂದ ಕೊರಳಿಗೆ ಕೆಲವೇ ನಿಮಿಷ. ಊರವರು ಇದನ್ನು ಕಿರಣೋತ್ಸವ ಅನ್ನುತ್ತಾರೆ. ಬೆಳಕು ಮುಖದ ತನಕ ಏರಿದರೆ ಪೂರ್ಣವಾಯಿತು. ಮೋಡವೋ ಧೂಳೋ ಅಡ್ಡ ಬಂದರೆ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ನಿಂತಿತು.

ಅಷ್ಟು ಚಿಕ್ಕ ಹೊತ್ತಿನಲ್ಲೂ ನಮಗೆ ಹೋಲಿಸಲು ಪುರುಸೊತ್ತು ಸಿಗುತ್ತದೆ. ಹೋದ ವರ್ಷ ಮುಖದ ತನಕ ಬಂದಿತ್ತು, ಈ ವರ್ಷ ಯಾಕಿಲ್ಲ? ಅವರು ಎರಡನೇ ದಿನ ಬಂದರು, ಅವರ ನಸೀಬು. ನಾವು ಬಂದ ದಿನವೇ ಮೋಡ. ಒಮ್ಮೆ ನನ್ನ ಮುಂದೆಯೇ ಗಡಹಿಂಗ್ಲಜ ಕಡೆಯ ಹಿರಿಯ ಹೆಂಗಸೊಬ್ಬಳು ಪಾಳಿಯಲ್ಲಿ ನಿಂತಿದ್ದಳು. ಕೈಯಲ್ಲಿ ಉಡಿಯ ಸಾಮಾನಿನ ಚೀಲ, ಹಸಿರು ಖಣ ಹೊರಗೆ ಇಣುಕುತ್ತಿತ್ತು. ಪಕ್ಕದವನು ಕನಿಕರದಿಂದ ಹೇಳಿದ: “ನಿನ್ನೆ ಬರಬೇಕಿತ್ರಿ ಅಕ್ಕಾರ, ಕೊಳ್ಳತನಕ ಬಂದಿತ್ತು.”

“ನಿನ್ನೆ ನಾ ಶೇಂಗಾ ಹರಿಯಾಕ ಹೋಗಿದ್ದೆ ತಮ್ಮಾ. ಇವತ್ತ ಬಂದೀನಿ, ಇವತ್ತಿಂದ ನೋಡ್ತೀನಿ.”

ಆ ಸಂಜೆ ಬೆಳಕು ಸೊಂಟ ದಾಟಲಿಲ್ಲ. ಅವನು ಮೊಬೈಲಿನಲ್ಲಿ ಹಿಂದಿನ ದಿನದ ಫೋಟೊ ತೆಗೆದು ತೋರಿಸುತ್ತಲೇ ಇದ್ದ. ಎದುರಿಗೆ ನಡೆಯುತ್ತಿದ್ದದ್ದನ್ನು ಅವನೆಷ್ಟು ನೋಡಿದನೋ, ನನಗೆ ಅನುಮಾನ.

ಕಿರಣೋತ್ಸವದ ಹಿಂದಿನ ಲೆಕ್ಕ ತಿಳಿದರೆ ಬೆರಗು ಕಡಿಮೆಯಾಗುತ್ತದೆ ಅಂದುಕೊಳ್ಳುವವರುಂಟು. ನನಗೆ ಹೆಚ್ಚಾಯಿತು. ವರ್ಷದ ಅತಿ ಸಣ್ಣ ಹಗಲು ಡಿಸೆಂಬರ್ 21 ಇಲ್ಲವೇ 22ಕ್ಕೆ. ಅದಕ್ಕೆ ಸುಮಾರು ಆರು ವಾರ ಹಿಂದೆ ನವೆಂಬರಿನ ಉತ್ಸವ, ಆರು ವಾರ ಮುಂದೆ ಇನ್ನೊಂದು. ತೆಂಕಣಕ್ಕೆ ಸರಿಯುವಾಗ ಒಮ್ಮೆ, ಮರಳಿ ಬರುವಾಗ ಒಮ್ಮೆ ಸೂರ್ಯ ದಿಗಂತದ ಅದೇ ಜಾಗದಲ್ಲಿ ಮುಳುಗುತ್ತಾನೆ. ಗುಡಿ ಕಟ್ಟಿದವರು ಆ ಜಾಗಕ್ಕೆ ಬಾಗಿಲು ತೆರೆದಿಟ್ಟಿದ್ದಾರೆ. ಸೂರ್ಯ ಇಳಿದಷ್ಟೂ ಕಿರಣ ಅಡ್ಡವಾಗುತ್ತದೆ, ಮೂರ್ತಿಯ ಮೇಲೆ ಬೆಳಕು ಏರುತ್ತದೆ. ಅಲ್ಲಿ ಅವನು ಇಳಿಯುವುದೂ ಇಲ್ಲಿ ಬೆಳಕು ಏರುವುದೂ ಒಂದೇ ಕೆಲಸ. ಹೀಗಿರುವಾಗ ಪಾದದ ಬೆಳಕು ಕಮ್ಮಿ, ಮುಖದ ಬೆಳಕು ಹೆಚ್ಚು ಅಂತ ದರ್ಜೆ ಹಚ್ಚಿದವರು ನಾವೇ. ಬೆಳಕಿಗೆ ಆ ಹಟ ಇದ್ದಂತೆ ಕಾಣುವುದಿಲ್ಲ.

ಹಾಗಂತ ಹೋಲಿಕೆಯನ್ನೇ ಬಿಟ್ಟುಬಿಡಿ ಅನ್ನುವ ಉಪದೇಶವೂ ನನಗೆ ಒಗ್ಗದು. ಹೊಟ್ಟೆ ತುಂಬಿದವರಿಗೆ ಅದು ಸುಲಭ. ಕೊಲ್ಹಾಪುರದಿಂದ ಹೆಚ್ಚು ದೂರವಿಲ್ಲದ ಇಚಲಕರಂಜಿಗೆ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಈಗ ಗಲ್ಲಿಗಲ್ಲಿಯಲ್ಲಿ ಅದೇ ಖಟಖಟ. ಗಡಿಯಾಚೆಯಿಂದ ಬಂದ ಕನ್ನಡದ ಮಂದಿಯೂ ಅಲ್ಲಿ ಮಗ್ಗ ನಡೆಸುತ್ತಾರೆ. ಮಜೂರಿ ನಿಗದಿಯಾಗುವುದು ಬಟ್ಟೆಯ ಒಂದು ಇಂಚಿಗೆ ಹೊಕ್ಕಿನ ಎಳೆ ಎಷ್ಟು, ಮೀಟರು ಎಷ್ಟು ಅನ್ನುವುದರ ಮೇಲೆ. ಆಚೆ ಕಾರಖಾನೆಯಲ್ಲಿ ಎಷ್ಟು ಕೊಡುತ್ತಾರೆ ಎಂದು ಅವರು ಹೋಲಿಸಲೇಬೇಕು. ಹೋಲಿಸದಿದ್ದರೆ ಯಾರೂ ದರ ಏರಿಸುವುದಿಲ್ಲ.

ಆದರೆ ಲಾಳಿ ಓಡುತ್ತಿರುವಾಗ ಆ ಮಾತಿಗೆ ಜಾಗವಿಲ್ಲ. ಒಬ್ಬನಿಗೆ ಹಲವು ಮಗ್ಗ. ಹಾಸಿನ ಒಂದು ಎಳೆ ಕಡಿದದ್ದು ಕಾಣದೇ ಹೋದರೆ ಬಟ್ಟೆಯುದ್ದಕ್ಕೂ ಸೀಳಿನಂಥ ಗೆರೆ ಬೀಳುತ್ತದೆ. ನಾನು ನೋಡುತ್ತಿದ್ದ ನೇಕಾರ ಮಗ್ಗ ನಿಲ್ಲಿಸಿ, ಕಡಿದ ತುದಿ ಹುಡುಕಿ, ಬೆರಳಲ್ಲೇ ಹೊಸೆದು ಗಂಟು ಹಾಕಿ, ಹಣಿಗೆಯಲ್ಲಿ ತೂರಿಸಿ ಮತ್ತೆ ಚಾಲೂ ಮಾಡಿದ. ಆ ಗದ್ದಲದಲ್ಲಿ ಕೂಗಿ ಕೇಳಿದೆ: “ಕಿರಣೋತ್ಸವಕ್ಕ ಹೋಗ್ತೀರೇನ್ರಿ ಅಣ್ಣಾರ?”

“ಈ ಸಲ ಹಗಲಪಾಳಿ ಐತ್ರಿ, ಬಿಡೂದ್ರಾಗ ಹೊತ್ತ ಮುಳಗಿರತೈತಿ,” ಅಂದ. “ಜನವರಿಗೆ ಮತ್ತ ಬರತಾನಲ್ಲ. ಆವಾಗ ರಾತ್ರಿಪಾಳಿ ಬಿದ್ರ ನೋಡೂಣು.”