ಬಂಡೆ, ಬಾಡಿಗೆ ಮತ್ತು ಬಣ್ಣ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿದೆ. ಇಷ್ಟು ಸಣ್ಣ ಊರಿನಲ್ಲಿ ಅಷ್ಟೊಂದು ಚಿತ್ರಕಾರರು ಹೇಗೆ ನೆಲೆ ನಿಂತರು ಎಂದು ಕೇಳಿದರೆ ಬೆಳಕು, ಬಂಡೆ, ಬಿರುಗಾಳಿ ಎಂಬ ಸಿದ್ಧ ಉತ್ತರ ಬರುತ್ತದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಬೆಳಕೂ ಬಂಡೆಯೂ ಎಂದಿನಿಂದಲೋ ಅಲ್ಲೇ ಇದ್ದವು. ಚಿತ್ರಕಾರರು ಗುಂಪು ಗುಂಪಾಗಿ ಬಂದದ್ದು 1877ರಲ್ಲಿ ರೈಲು ಬಂದ ಮೇಲೆ. ಮೀನುಗಾರಿಕೆ ಸೊರಗಿ, ಬಲೆ ಇಡುವ ಅಟ್ಟಗಳು ಖಾಲಿ ಬಿದ್ದ ಮೇಲೆ. ಒರಟು ಕರಾವಳಿಯ ಬಡತನ ಅವರಿಗೆ ಅಗ್ಗದ ಜಾಗ ಕೊಟ್ಟಿತು. ಕಲೆಯ ಚರಿತ್ರೆ ಬರೆಯುವವರು ಬಾಡಿಗೆಯ ಲೆಕ್ಕ ಬರೆಯುವುದು ಕಡಿಮೆ.

ಹಾಗಾದರೆ ನೆಲದ ಪಾಲು ಏನೂ ಇಲ್ಲವೇ? ಇದೆ. ಆದರೆ ಅದು ಕಣ್ಣಿಗಿಂತ ಮೈಗೆ ಮೊದಲು ದಕ್ಕುವಂಥದ್ದು. ಸೇಂಟ್ ಐವ್ಸ್‌ನ ಆಲ್ಫ್ರೆಡ್ ವಾಲಿಸ್ ಕಡಲಿನಲ್ಲಿ ದುಡಿದು, ಆಮೇಲೆ ಗುಜರಿ ವ್ಯಾಪಾರ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಎಪ್ಪತ್ತರ ಆಸುಪಾಸಿನಲ್ಲಿ ಕುಂಚ ಹಿಡಿದ. ರಟ್ಟಿನ ಚೂರುಗಳ ಮೇಲೆ ದೋಣಿಗೆ ಬಳಿಯುವಂಥ ಬಣ್ಣ. ಅವನ ಬಂದರು ಮೇಲಿನಿಂದ ಕಂಡಂತಿದ್ದರೆ ಅದರೊಳಗಿನ ದೋಣಿ ಪಕ್ಕದಿಂದ ಕಂಡಂತಿರುತ್ತದೆ. ರಟ್ಟಿನ ಕಂದು ಅಲ್ಲಲ್ಲಿ ಹಾಗೇ ಇಣುಕುತ್ತದೆ. ಚಿತ್ರ ಕಲಿಯದವನ ಎಡವಟ್ಟು ಎಂದುಬಿಡುವುದು ಸುಲಭ. ಆದರೆ ದಡದಲ್ಲಿ ನಿಂತವನಿಗೆ ನೇರ ಗೆರೆಯಾಗಿರುವ ದಿಗಂತ ಹಡಗಿನವನಿಗೆ ಏರುತ್ತಲೂ ಇಳಿಯುತ್ತಲೂ ಇರುತ್ತದೆ. ಬಂಡೆ ಎಷ್ಟು ದೊಡ್ಡದೆಂದು ಅವನು ಅಳೆಯುವುದು ಅಪಾಯದ ಲೆಕ್ಕದಲ್ಲಿ. ವಾಲಿಸ್ ಬರೆದದ್ದು ಆ ಅಳತೆಯಲ್ಲೇ.

ಪೀಟರ್ ಲ್ಯಾನ್ಯನ್ 1918ರಲ್ಲಿ ಅದೇ ಊರಿನಲ್ಲಿ ಹುಟ್ಟಿದವನು. ಕಲೆಯನ್ನು ಕ್ರಮವಾಗಿ ಕಲಿತಿದ್ದರೂ ಒಂದೇ ಕಡೆ ನಿಂತು ನೋಡಲು ಅವನೂ ಒಪ್ಪಲಿಲ್ಲ. ಹತ್ತಿರದ ಲೆವಾಂಟ್ ಗಣಿಯ ಸುರಂಗಗಳು ಕಡಲ ತಳದ ಅಡಿಗೂ ಚಾಚಿದ್ದವು. 1919ರಲ್ಲಿ ಅಲ್ಲಿ ಕೆಲಸಗಾರರನ್ನು ಮೇಲೆ ತರುವ ಯಂತ್ರ ಮುರಿದು 31 ಮಂದಿ ಸತ್ತರು. ಲ್ಯಾನ್ಯನ್ ಬರೆದ 1953ರ ‘ಸೇಂಟ್ ಜಸ್ಟ್’ ಚಿತ್ರದ ನಟ್ಟನಡುವೆ ಉದ್ದಕ್ಕೂ ಇಳಿಯುವ ಕಪ್ಪು ಪಟ್ಟಿ ಗಣಿಯ ಬಾವಿ; ಶಿಲುಬೆಯೂ ಅದೇ. ಅಕ್ಕಪಕ್ಕದ ಹಸಿರು ಬಂದುಹೋಗುವ ಪ್ರವಾಸಿಗೂ ಕಾಣುತ್ತದೆ. ನೆಲದ ಕೆಳಗೆ ಯಾರಿದ್ದಾರೆಂಬುದು ಊರಿನವರಿಗೆ ಮಾತ್ರ ಗೊತ್ತು. 1959ರಲ್ಲಿ ಲ್ಯಾನ್ಯನ್ ಗ್ಲೈಡರ್ ಹಾರಿಸಲು ಕಲಿತು ಅದೇ ತೀರವನ್ನು ಗಾಳಿಯೊಳಗಿಂದ ಬರೆದ. 1964ರಲ್ಲಿ ಗ್ಲೈಡರ್ ಅಪಘಾತವೇ ಅವನ ಜೀವ ತೆಗೆಯಿತು.

ಹಾಗೆಂದು ಹೊರಗಿನವರ ಕಣ್ಣನ್ನು ತಳ್ಳಿಹಾಕುವಂತಿಲ್ಲ. 1928ರಲ್ಲಿ ಬೆನ್ ನಿಕಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ಚಿತ್ರಕಾರರು ವಾಲಿಸ್‌ನ ಮನೆಮುಂದೆ ಹಾದುಹೋಗದಿದ್ದರೆ ಆ ರಟ್ಟುಗಳು ಒಲೆ ಸೇರುತ್ತಿದ್ದವೋ ಏನೋ. ಮೆಚ್ಚಿಕೆ ಅವನ ಬಡತನವನ್ನೇನೂ ನೀಗಲಿಲ್ಲ. 1942ರಲ್ಲಿ ಅವನು ಸತ್ತದ್ದು ನಿರ್ಗತಿಕರ ಆಶ್ರಮದಲ್ಲಿ.

ಈಗ ಅದೇ ಊರಿನ ಕಡಲಿಗೆ ಎದುರಾಗಿ 1993ರಲ್ಲಿ ತೆರೆದ ಟೇಟ್ ಗ್ಯಾಲರಿ ನಿಂತಿದೆ. ಕಲೆಯ ಕೀರ್ತಿಯೂ ಸೇರಿ ಮನೆಗಳ ಬೆಲೆ ಎಷ್ಟು ಏರಿತೆಂದರೆ, ಹೊಸ ಮನೆಗಳು ಕಾಯಂ ವಾಸಿಗಳಿಗೇ ಸಿಗಬೇಕು, ರಜೆಗೆ ಬಂದುಹೋಗುವವರಿಗಲ್ಲ ಎಂದು 2016ರಲ್ಲಿ ಊರಿನವರು ಮತ ಹಾಕಬೇಕಾಯಿತು. ಗುಜರಿ ವ್ಯಾಪಾರದಿಂದ ಬದುಕುವ ಇನ್ನೊಬ್ಬ ವಾಲಿಸ್‌ಗೆ ಅಲ್ಲಿ ಬಾಡಿಗೆ ಕಟ್ಟಲಾದೀತೇ?