ಹಸಿದ ವಿದ್ಯಾರ್ಥಿ ಮತ್ತು ದಾಸೋಹಧರ್ಮ

ಅನ್ನವನ್ನಿಕ್ಕುವವರೆಲ್ಲರೂ ದಾಸೋಹಿಗಳಾಗುವರೆ? ಮೇಲ್ನೋಟಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆಗೆ ಶರಣಮಾರ್ಗದ ಗೃಹಸ್ಥನು ಎಚ್ಚರದಿಂದ ಉತ್ತರಿಸಬೇಕಾಗುವದು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ನೀಡುವವನೇ ದಾಸನು; ಉಣ್ಣುವವನು ಜಂಗಮಸ್ವರೂಪನು. ಈ ಭೇದವು ಕೇವಲ ಮಾತಿನದಲ್ಲ. ಹಸಿದವನ ಮನಸ್ಸು ಅದನ್ನು ಕ್ಷಣಮಾತ್ರದಲ್ಲಿ ಅರಿಯುತ್ತದೆ.

ನಮ್ಮ ಅಣ್ಣಿಗೇರಿಯ ತಾಯಂದಿರಿಗೆ ಬುತ್ತಿಯ ಗಂಟು ಹೊಸದಲ್ಲ. ಹುಬ್ಬಳ್ಳಿ-ಧಾರವಾಡಗಳಲ್ಲಿ ಓದುವ ಮಕ್ಕಳಿಗೆ ಕಟಿಯ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳನ್ನು ಕಟ್ಟಿ ಕಳಿಸುವರು. ಗಂಟು ಬರಿದಾದ ಮೇಲೆ, ತಿಂಗಳ ಕೊನೆಗೆ ಖಾನಾವಳಿಯ ಹಣವೂ ತೀರಿದಾಗ, ಆ ಹುಡುಗನು ಗೆಳೆಯರೆದುರು "ನನಗೆ ಹಸಿವಿಲ್ಲ" ಎಂದು ಹೇಳಿ ಪುಸ್ತಕ ತೆರೆಯುವನು. ಹಸಿವಿಗಿಂತಲೂ ಅದನ್ನು ಮರೆಮಾಡುವ ಸಂಕೋಚವೇ ಅವನನ್ನು ಹೆಚ್ಚು ಬಾಧಿಸುವದು.

2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ಶರಣರ ಶಬ್ದವು ಸರಕಾರದ ಕಡತವನ್ನು ಸೇರಿದ್ದು ಸಂತೋಷದ ಸಂಗತಿಯೇ. ಆದರೆ ಆ ಊಟವು ಹತ್ತನೆಯ ತರಗತಿಗೆ ನಿಲ್ಲುವದು. ಹಸಿವು ಮಾತ್ರ ಹುಡುಗನೊಡನೆ ಕಾಲೇಜಿಗೂ ಹೋಗುವದು. 2013-14ರಲ್ಲಿ ಹುಟ್ಟಿದ ವಿದ್ಯಾಸಿರಿ ಯೋಜನೆಯು ವಸತಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ಲೆಕ್ಕ ಹಾಕಿದರೆ ದಿನಕ್ಕೆ 50 ರೂಪಾಯಿ. ಉಳಿದುದನ್ನು ಯಾರು ತುಂಬಬೇಕು?

ಹಿಂದಿನವರು ಈ ಭಾರವನ್ನು ಹೊತ್ತಿದ್ದರು. ನವಲಗುಂದ-ಶಿರಸಂಗಿ ಸಂಸ್ಥಾನದ ತ್ಯಾಗವೀರ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳು ಜೋಳಿಗೆ ಹಿಡಿದು ಬಡ ವಿದ್ಯಾರ್ಥಿಗಳ ಪ್ರಸಾದನಿಲಯವನ್ನು ಬೆಳೆಸಿದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳ ಅನ್ನ-ಅಕ್ಷರ-ಆಶ್ರಯಗಳ ತ್ರಿವಿಧ ದಾಸೋಹವನ್ನು ನಾಡೆಲ್ಲ ಬಲ್ಲದು. ಗುರುಗಳೇ ಜೋಳಿಗೆ ಹಿಡಿದ ಮೇಲೆ ಉಣ್ಣುವ ಹುಡುಗನಿಗೆ ನಾಚಿಕೆ ಎಲ್ಲಿಯದು? ಬೇಡುವ ಸಂಕೋಚವನ್ನು ಅವರು ತಾವೇ ಹೊತ್ತರು.

ಆದರೆ ಪ್ರಸಾದನಿಲಯಕ್ಕೆ ಹೊರಗುಳಿದು ಬಾಡಿಗೆಯ ಕೋಣೆಯಲ್ಲಿರುವವರ ಗತಿಯೇನು? ಎಷ್ಟೋ ಮನೆಯೊಡೆಯರು ಕೋಣೆಯಲ್ಲಿ ಅಡಿಗೆ ಮಾಡಕೂಡದೆಂದು ಕರಾರು ಹಾಕುವರು. ಊರಿನಿಂದ ಜೋಳದ ಹಿಟ್ಟು ಬಂದರೂ ಬೇಯಿಸಲು ಒಲೆಯಿಲ್ಲ. ಒಲೆಯಿಲ್ಲದವನಿಗೆ ಹಿಟ್ಟು ಅನ್ನವಾಗದು.

ಇಲ್ಲಿ ಆಯ್ದಕ್ಕಿ ದಂಪತಿಗಳನ್ನು ನೆನೆಯೋಣ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಹೇಳಿದಳೆಂಬುದು ಪ್ರಸಿದ್ಧ ಕಥೆ. ನೆಲದ ಮೇಲಿನ ಕಾಳನ್ನು ಆಯ್ದು ಬದುಕಿದವರು ಭಿಕ್ಷುಕರಾಗಲಿಲ್ಲ. ಆಯುವದು ಅವರ ಕಾಯಕವಾಗಿತ್ತು, ಅದರಿಂದಲೇ ಅವರು ಜಂಗಮಕ್ಕೆ ನೀಡಿ ದಾಸೋಹಿಗಳಾದರು. ವಿದ್ಯಾರ್ಥಿಗೆ ಅಧ್ಯಯನವೇ ಕಾಯಕ. ಅವನಿಗೆ ಒಲೆ, ಎರಡು ಪಾತ್ರೆ, ಅಟ್ಟುಣ್ಣುವ ಸ್ವಾತಂತ್ರ್ಯ ದೊರೆತರೆ ಅವನು ತಾನುಂಡು, ಪಕ್ಕದ ಕೋಣೆಯ ಹಸಿದವನನ್ನೂ ಕರೆಯುವನು. ನಿನ್ನೆ ಪಡೆದವನು ಇಂದು ನೀಡುವವನಾಗುವನು. ಉಂಡವನನ್ನೂ ದಾಸೋಹಿಯನ್ನಾಗಿ ಮಾಡುವದೇ ದಾಸೋಹದ ಪೂರ್ಣತೆ.

ಓದುವ ಹೊತ್ತು ಅಡಿಗೆಯಲ್ಲಿ ಕಳೆಯುವದಲ್ಲವೆ ಎಂದು ಕೆಲವರು ಕೇಳಬಹುದು. ನಾಲ್ವರು ಸರದಿಯಿಂದ ಅಟ್ಟರೆ ಒಬ್ಬನ ಪಾಲಿಗೆ ಬರುವದು ನಾಲ್ಕು ದಿನಕ್ಕೊಮ್ಮೆ. ಹಸಿದ ಹೊಟ್ಟೆಯಲ್ಲಿ ಓದಿದ ಹೊತ್ತಾದರೋ ದಿನವೂ ವ್ಯರ್ಥ.

ಆದುದರಿಂದ ಸದ್ಭಕ್ತರು ಸುಗ್ಗಿಯಲ್ಲಿ ಕಣದಿಂದ ಜೋಳ ತರುವಾಗ ಒಂದು ಪಾಲನ್ನು ಊರಿನ ವಿದ್ಯಾರ್ಥಿಗಳಿಗಾಗಿ ತೆಗೆದಿಡಲಿ. ಪಟ್ಟಣದಲ್ಲಿ ಮನೆಯುಳ್ಳವರು ಬಾಡಿಗೆಯ ಹುಡುಗರಿಗೆ ಒಂದು ಒಲೆಯ ಸ್ಥಳವನ್ನು ಬಿಟ್ಟುಕೊಡಲಿ. ಕೊಟ್ಟವರ ಹೆಸರನ್ನು ಎಲ್ಲಿಯೂ ಬರೆಸುವದು ಬೇಡ. "ಹಸಿವಿಲ್ಲ" ಎನ್ನುವ ಮಗನ ಮುಖವನ್ನು ಒಮ್ಮೆ ನೋಡಿ, ಮತ್ತೇನನ್ನೂ ಕೇಳದೆ ಎಡೆ ಮಾಡಿದರೆ ಸಾಕು.